ಚೀಟಿಗಳ ಗೋಡೆ

ಕುಡಿಯುವ ನೀರಿನ ನಮ್ಮ ರಾಯಚೂರು ಕಚೇರಿಯಲ್ಲಿ ಕೆಲಸಕ್ಕಿಂತ ಕೆಲಸದ ಪರಿಶೀಲನೆಯೇ ಜಾಸ್ತಿ. ಮಾನ್ವಿ, ದೇವದುರ್ಗದ ಪಂಪು, ವಾಲ್ವು, ಮೀಟರುಗಳನ್ನೆಲ್ಲ ಇಲ್ಲಿಯ ಒಂದೇ ಕಂಪ್ಯೂಟರಿಗೆ ಜೋಡಿಸಬೇಕಾದ ಸಿಸ್ಟಮ್ಸ್ ಎಂಜಿನಿಯರ್ ಉಮಾದೇವಿ ಇದರಲ್ಲೇ ಹೈರಾಣಾಗಿದ್ದಳು. ಇಲ್ಲಿಂದಲೇ ದೇವದುರ್ಗದ ಪಂಪು ಓಡಿಸಿ ನೋಡುವ ಪರೀಕ್ಷೆ ಏಪ್ರಿಲ್ ಮುಗಿಯುವುದರೊಳಗೆ ಆಗದಿದ್ದರೆ ಅದು ಮಳೆಗಾಲದ ಆಚೆಗೆ ಹೋಗುತ್ತಿತ್ತು. ಅಲ್ಲಿಯ ಮೇಲಿನ ಓಣಿಗೆ ಈ ಬೇಸಿಗೆಯೂ ನೀರಿಲ್ಲ. ಪಂಪ್‌ಹೌಸಿನ ಮುದುಕಪ್ಪ ದಿನಾ ಫೋನು ಮಾಡುತ್ತಿದ್ದ: “ಅಕ್ಕಾರ, ಮಂದಿ ನನ್ನ ಬೈಯಾಕತ್ತಾರ. ಯಾವಾಗ್ರಿ?”

ಅಷ್ಟರಲ್ಲಿ ನಮ್ಮ ಸಾಹೇಬರು ತಾಯಣ್ಣನವರು ‘ಲೀನ್’ ತರಬೇತಿ ಮುಗಿಸಿ ಬಂದರು. ಲೀನ್ ಎಂದರೆ ದಂಡದ ಕೆಲಸ ತೆಗೆದುಹಾಕುವುದಂತೆ. ಅದಕ್ಕಾಗಿ ಗೋಡೆಯ ತುಂಬ ಚೀಟಿ ಅಂಟಿಸಿದರು, ಒಂದೊಂದು ಕೆಲಸಕ್ಕೆ ಒಂದೊಂದು. ಉಮಾದೇವಿಯ ಪರೀಕ್ಷೆಯೇ ಅರ್ಧ ಗೋಡೆ ನುಂಗಿತು. ‘ಪರಿಶೀಲನೆಯ ಪರಿಶೀಲನೆ’ ಎಂಬ ಚೀಟಿಯೂ ಇತ್ತು, ದೇವರಾಣೆ. ಚೀಟಿ ಸರಿಯದೆ ಕೆಲಸ ಸರಿಯುವಂತಿಲ್ಲ. ಚೀಟಿ ಹಾರಬಾರದೆಂದು ಫ್ಯಾನು ಹಾಕುವಂತಿಲ್ಲ. ರಾಯಚೂರಿನ ಏಪ್ರಿಲ್‌ನಲ್ಲಿ! ನನಗಂತೂ ಮೈಯೆಲ್ಲ ಉರಿದುಹೋಯಿತು.

ತಿಂಗಳ ಕೊನೆಯ ಸಭೆಗೆ ಸೂಪರಿಂಟೆಂಡೆಂಟ್ ಹಾಜಿರಾ ಬೀ ರಜೆ ಮುಗಿಸಿ ನೇರವಾಗಿ ಬಂದರು. ಹೊಸ ನಿಯಮ ಅವರಿಗೆ ಗೊತ್ತಿರಲಿಲ್ಲ. “ಯಾ ಅಲ್ಲಾ, ಏನು ಧಗಿರೀ ಇದು!” ಎನ್ನುತ್ತ ಫ್ಯಾನು ಹಾಕಿ, ಜೋರು ಮಾಡಿದರು. ಉಮಾದೇವಿಯ ಪರೀಕ್ಷೆಯ ಚೀಟಿಗಳೆಲ್ಲ ನೆಲಕ್ಕಿಳಿದವು.

ಸಾಹೇಬರು ಕೆಂಡಾಮಂಡಲವಾದರು. ಚೀಟಿಗಳನ್ನು ಬಾಚಿಕೊಂಡು ಒಂದೊಂದಾಗಿ ಎತ್ತಿ ಹಿಡಿದರು. “ಪರಿಶೀಲನೆಯ ಪರಿಶೀಲನೆ. ಇದು ಯಾರದ್ರೀ?”

ಎಲ್ಲರೂ ಕಿಟಕಿಯತ್ತ ನೋಡಿದರು. ನನ್ನದು ಎಂದರೆ ಕೆಲಸ ಕೊರಳಿಗೆ ಬೀಳುತ್ತದಲ್ಲ! ಅದು ನನ್ನದೇ, ನಾನೂ ಬಾಯಿ ಬಿಡಲಿಲ್ಲ. ಯಾರದೂ ಅಲ್ಲದ್ದು ದಂಡದ ಕೆಲಸವೆಂದು ಚೀಟಿಯ ಮೇಲೆ ಚೀಟಿ ಕಸದ ಬುಟ್ಟಿ ಸೇರಿತು.

“ಪೈಪಿನ ಒತ್ತಡ ನೋಡೋದು?”

“ನಂದ್ರೀ ಸರ್, ಮುಂಜಾನಿನ ನೋಡೀನಿ,” ಎಂದಳು ಉಮಾದೇವಿ.

“ಪಂಪ್ ಚಾಲೂ ಮಾಡೋದು?”

“ಅದೂ ನಂದ್ರೀ.”

“ಮತ್ಯಾಕ ಕುಂತೀರಿ? ಮಾಡ್ರಿ!”

ಅವಳು ಕಂಪ್ಯೂಟರಿಗೆ ಓಡಿದಳು. ಸ್ವಲ್ಪ ಹೊತ್ತಿಗೆ ಮುದುಕಪ್ಪನ ಫೋನು: “ಬಂತ್ರೀ ಅಕ್ಕಾರ! ಮ್ಯಾಲಿನ ಓಣಿಗೆ ನೀರು ಬಂತು! ಕೊಡ ಇಡಾಕ ಜಗಳ ನಡದಾವ!” ಉಮಾದೇವಿ ನಗುತ್ತಲೇ ಕಣ್ಣೊರೆಸಿಕೊಂಡಳು.

ಇದೆಲ್ಲ ಲೀನ್‌ನ ಮಹಿಮೆ ಎಂದ ಸಾಹೇಬರು ಮಾನ್ವಿಯ ಪರೀಕ್ಷೆಗೂ ಚೀಟಿ ಬರೆಸಿದರು. ಸಂಜೆಗೆ ಗೋಡೆ ಮತ್ತೆ ತುಂಬಿತು. ‘ಫ್ಯಾನು ಹಾಕಲು ಅನುಮತಿ’ ಎಂಬುದೂ ಹೊಸದಾಗಿ ಸೇರಿತ್ತು. ಉಮಾದೇವಿಯ ಮುಖ ಬಾಡಿತು.

ಹಾಜಿರಾ ಬೀ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ಸೆರಗಿನಿಂದ ಗಾಳಿ ಬೀಸಿಕೊಂಡರು.

“ಉಮಾ, ಸೋಮವಾರ ಮಾನ್ವಿ ಸಭೆ ಅದ ಅಲ್ಲ? ನನಗ ಈಗ್ಲೇ ಧಗಿ ಆಗಾಕತ್ತದ.”