ರತ್ನಾ ಮೇಡಂ ಹಾಕಿದ ಷರತ್ತು

ಕ್ಯಾಮೆರಾ ಮುಂದೆ ಪಾಠ ಮಾಡಲು ಗಣಿತ ಕಲಿಸುವವರನ್ನು ಒಪ್ಪಿಸುವುದು ನನ್ನ ಕೆಲಸ. ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂದು ನಮ್ಮ ಸಂಸ್ಥೆ ಸಂಶೋಧನೆ ನಡೆಸುತ್ತಿದೆ; ಅದಕ್ಕೆ ಪಾಠದ ವಿಡಿಯೋ ಬೇಕು. ಕ್ಯಾಮೆರಾ ಎಂದರೆ ಯಾರಿಗೂ ಇಷ್ಟವಿಲ್ಲ. ಪ್ರಿನ್ಸಿಪಾಲರ ಕೋಣೆಯಲ್ಲಿ ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಮರುದಿನ ರಜೆ ಹಾಕುತ್ತಾರೆ. ಹಾಗಾಗಿ ನಾನು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಹೋಗುತ್ತೇನೆ.

ಜನಕಪುರಿಯ ಶಾಲೆಯೊಂದರಲ್ಲಿ ರತ್ನಾ ಸಿಕ್ಕಿದ್ದು ಹಾಗೆ. ನಾನು ಹಿಂದಿಯಲ್ಲಿ ಎರಡು ಮಾತಾಡುವಷ್ಟರಲ್ಲಿ ಚಿತ್ರಾನ್ನದ ಡಬ್ಬಿಯನ್ನು ನನ್ನತ್ತ ತಳ್ಳಿ, "ಕನ್ನಡದಲ್ಲೇ ಹೇಳಿ. ಇಬ್ಬರೂ ಯಾಕೆ ಒದ್ದಾಡೋಣ?" ಎಂದರು.

ಎಲ್ಲ ಕೇಳಿಕೊಂಡು ಒಂದು ಷರತ್ತು ಹಾಕಿದರು. "ನನ್ನ ಮಗಳ ಕಣ್ಣಿಗೆ ಮಾತ್ರ ಇದು ಬೀಳಬಾರದು. ಈ ಹಿಂದಿ ಊರಲ್ಲೇ ಹುಟ್ಟಿ ಬೆಳೆದವಳು. ನಾನು ತರಕಾರಿ ಭಯ್ಯಾ ಹತ್ರ ಮಾತಾಡಿದ್ರೂ ನಗ್ತಾಳೆ. ಕ್ಲಾಸಲ್ಲಿ ನನ್ನ ಹಿಂದಿ ಕೇಳಿಬಿಟ್ರೆ ಮುಗೀತು."

ನಗುತ್ತಲೇ ಹೇಳಿದ್ದರು. ಆದರೆ ನಾನು ಮಾತು ಕೊಡುವ ತನಕ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಪೆನ್ನು ಮುಟ್ಟಲಿಲ್ಲ.

ಚಳಿಗಾಲದಲ್ಲಿ ಅವರ ಪಾಠಗಳನ್ನು ಚಿತ್ರೀಕರಿಸಿದೆವು. ಹಿಂದಿಯಲ್ಲೇ ಕಲಿಸುತ್ತಿದ್ದರು, ಆದರೆ ಪ್ರತಿ ಲೆಕ್ಕದ ಕೊನೆಗೆ ಅರಿವಿಲ್ಲದೆಯೇ "ಗೊತ್ತಾಯ್ತಾ?" ಎಂದು ಎಳೆದು ಕೇಳುತ್ತಿದ್ದರು. ಹೋಳಿಯ ಹೊತ್ತಿಗೆ ರತ್ನಾ ಇರಲಿಲ್ಲ. ಅಡುಗೆಮನೆಯಲ್ಲಿ ಕುಸಿದವರು ಆಸ್ಪತ್ರೆ ತಲುಪಲಿಲ್ಲವಂತೆ.

ಮಗಳು ಅನನ್ಯಾ ಓಖ್ಲಾದ ನಮ್ಮ ಆಫೀಸಿಗೆ ಬಂದಳು. ಕಾಲೇಜು ಹುಡುಗಿ.

"ಆಂಟಿ, ಅಮ್ಮನ ವಿಡಿಯೋ ನಿಮ್ಮ ಹತ್ರ ಇದೆ ಅಂತ ಸ್ಕೂಲಲ್ಲಿ ಹೇಳಿದ್ರು. ಒಂದ್ಸಲ ಅಮ್ಮನ ದನಿ ಕೇಳ್ಬೇಕು, ಅಷ್ಟೇ."

"ನಿನ್ನ ಫೋನಲ್ಲಿ ಏನೂ ಇಲ್ವೇನಮ್ಮ?"

"ಫೋಟೋ ಇದೆ, ವಾಯ್ಸ್ ಇಲ್ಲ. ಮೊದಲು ವಾಯ್ಸ್ ಮೆಸೇಜ್ ಕಳಿಸ್ತಿದ್ರು. ನಾನು ಫ್ರೆಂಡ್ಸ್‌ಗೆ ಕೇಳಿಸಿ ನಗ್ತಿದ್ದೆ. ಒಂದಿನ ಅಮ್ಮ ನೋಡ್ಬಿಟ್ರು. ಆಮೇಲೆ ಬರೀ ಟೈಪ್ ಮಾಡ್ತಿದ್ರು. ಹಳೇವೆಲ್ಲ ಡಿಲೀಟ್ ಆಗೋಯ್ತು."

ಲ್ಯಾಪ್‌ಟಾಪ್ ನನ್ನ ಕೈಯಳತೆಯಲ್ಲಿತ್ತು. ಸತ್ತವರು ಬಂದು ಕೇಳುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಅವರು ಮಾತು ತೆಗೆದುಕೊಂಡಿದ್ದು ಈ ಹುಡುಗಿಯ ವಿಷಯಕ್ಕೇ. "ಬೇರೆಯವರ ಮಕ್ಕಳಿದ್ದಾರಮ್ಮ ಅದರಲ್ಲಿ, ತೋರಿಸೋ ಹಾಗಿಲ್ಲ," ಎಂದೆ. ಅದೂ ನಿಜವೇ. ಇನ್ನೊಂದು ಕಾರಣ ಹೇಳಿದ್ದರೆ ಅವಳು ಅದನ್ನು ಬದುಕಿಡೀ ಹೊರಬೇಕಾಗುತ್ತಿತ್ತು.

ಅವಳು ಎದ್ದು ಹೊರಟಾಗ ತಡೆದೆ. ರತ್ನಾ ಜಾಗಕ್ಕೆ ಬಂದ ಮೇಷ್ಟ್ರನ್ನು ಒಪ್ಪಿಸಲು ನಾನು ಮರುದಿನ ಅದೇ ಶಾಲೆಗೆ ಹೋಗಬೇಕಿತ್ತು. "ನೀನೂ ಬಾ," ಎಂದೆ.

ರತ್ನಾ ಕಲಿಸುತ್ತಿದ್ದ ಏಳನೇ ತರಗತಿಯ ಬಾಗಿಲಲ್ಲಿ ನಿಂತೆವು. ಮಕ್ಕಳು ಭಿನ್ನರಾಶಿ ಬಿಡಿಸುತ್ತಿದ್ದರು. ಮುಂದಿನ ಬೆಂಚಿನ ಹುಡುಗಿ ಪಕ್ಕದವಳಿಗೆ ಹಿಂದಿಯಲ್ಲಿ ಲೆಕ್ಕ ವಿವರಿಸಿ ಕೊನೆಗೆ "ಗೊತ್ತಾಯ್ತಾ?" ಎಂದಳು. ಅದೇ ಎಳೆತ. ಪಕ್ಕದವಳು "ಗೊತ್ತಾಯ್ತು" ಎಂದು ತಲೆ ಎತ್ತದೆ ಬರೆಯತೊಡಗಿದಳು. ಕನ್ನಡ ಬಾರದ ಆ ಮಕ್ಕಳು ಲೆಕ್ಕ ಮುಗಿಸುವ ರೀತಿಯೇ ಅದು ಎಂದುಕೊಂಡಿದ್ದರೋ ಏನೋ.

ಅನನ್ಯಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಇಬ್ಬರೂ ಮೆಟ್ರೋ ನಿಲ್ದಾಣಕ್ಕೆ ನಡೆದೆವು. ಪ್ಲಾಟ್‌ಫಾರ್ಮಿನಲ್ಲಿ, "ಆಂಟಿ, ನಗಬೇಡಿ," ಎಂದು ಹೇಳಿ, ಮೆಲ್ಲಗೆ "ಗೊತ್ತಾಯ್ತಾ?" ಅಂದು ನೋಡಿದಳು. ಅಮ್ಮನ ಹಾಗೆ ಬರಲಿಲ್ಲ. ಇನ್ನೊಮ್ಮೆ ಅಂದಳು. ರೈಲು ಬಂತು, ಬಾಗಿಲು ಮುಚ್ಚಿಕೊಂಡು ಹೋಯಿತು. ನಾವು ಅಲ್ಲೇ ನಿಂತಿದ್ದೆವು.