ಅಕ್ಕನ ಕೆನ್ನೆಯ ಹೊಳಪು

ಷಿಕಾಗೋದ ನಮ್ಮ ಕಪ್ಪುಜನರ ಬೀದಿಗಳಲ್ಲಿ ಅಕ್ಕ ಅರ್ನೆಸ್ಟೀನ್ ತೆಗೆದ ಸಿನಿಮಾ ಅದು. ಮುಖ್ಯ ಪಾತ್ರವೂ ಅವಳದೇ. ಈಗ ಅವಳಿಲ್ಲ. ಉಳಿದ ಒಂದೇ ಪ್ರತಿಯನ್ನು ನಾನು ನಲವತ್ತಾರು ವರ್ಷ ರೀಲು ಸೆಖೆಗೆ ಕೆಡದಿರಲೆಂದು ಚರ್ಚಿನ ಅಡುಗೆಮನೆಯ ಫ್ರಿಜ್ಜಿನಲ್ಲಿ, ಭಾನುವಾರದ ಕೋಳಿಯ ಪಕ್ಕದಲ್ಲಿ ಕಾಪಾಡಿದ್ದೆ.

ಅದನ್ನು ಸರಿಪಡಿಸುತ್ತಿದ್ದ ಬಿಳಿಯರ ಹುಡುಗ ಬ್ರೆಂಟ್ ನನ್ನನ್ನು ಲ್ಯಾಬಿಗೆ ಕರೆಸಿ ತೋರಿಸಿದ. ಪರದೆಯ ಮೇಲೆ ಅಕ್ಕನ ಮುಖ ಬೂದಿ ಬಳಿದಂತಿತ್ತು.

"ತುಂಬಾ ಕಪ್ಪಾಗಿತ್ತು ಮಿಸ್ ಆಲ್ಥಿಯಾ, ಬೆಳಕು ಹೆಚ್ಚಿಸಿದೆ. ಕೆನ್ನೆ ಮೇಲೆ ಏನೋ ಜಿಡ್ಡಿತ್ತು, ಅದನ್ನೂ ತೆಗೆದೆ."

ನನ್ನ ಮೈ ಉರಿಯಿತು.

"ಅದು ವ್ಯಾಸಲೀನ್ ಕಣಪ್ಪ. ದಿನಾ ಬೆಳಿಗ್ಗೆ ನಾನೇ ಸವರ್ತಿದ್ದೆ. ನಮ್ಮ ಹತ್ರ ಇದ್ದದ್ದು ಒಂದೇ ದೀಪ. ಕಪ್ಪು ಕೆನ್ನೆ ಮೇಲೆ ಆ ಬೆಳಕು ನಿಲ್ಲಲಿ ಅಂತ."

"ನೋಡೋರಿಗೆ ಮುಖ ಕಾಣ್ಬೇಕಲ್ವಾ?"

"ನಮ್ಮೋರಿಗೆ ಯಾವಾಗ್ಲೂ ಕಾಣ್ತಿತ್ತು. ನೀವು ಇಷ್ಟು ವರ್ಷ ತಿರುಗಿಯೂ ನೋಡ್ಲಿಲ್ಲ. ಈಗ ನೋಡಿದ ದಿನವೇ ಸುಣ್ಣ ಬಳಿದ್ರಾ?"

ಸೋಮವಾರ ಅಂತಿಮ ಪ್ರತಿ ಪ್ರದರ್ಶನಕ್ಕೆ ಹೋಗಲೇಬೇಕೆಂದು ಅವನು ಗೊಣಗಿದ. ನಾನು ರೀಲಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ಯಂತ್ರದ ಮುಂದೆ ಕೂತೆ.

"ಕುರ್ಚಿ ಎಳ್ಕೋ ಮಗನೇ. ಮೊದಲಿಂದ ಶುರು ಮಾಡು. ನಮ್ಮಕ್ಕ ಹೊಳೆಯೋ ತನಕ ನಿನಗೂ ಊಟ ಇಲ್ಲ, ನನಗೂ ಇಲ್ಲ."