ಕೊಳೆತ ಸೊಪ್ಪು, ಕೆಟ್ಟ ನೀರು

ಗೊಬ್ಬರಕ್ಕೆಂದು ಹೊಂಗೆ ಸೊಪ್ಪನ್ನು ಕೆಸರಿಗೆ ತುಳಿದು ವಾರವಾಗುವಷ್ಟರಲ್ಲಿ ಜವರಯ್ಯನ ಗದ್ದೆಯ ನೀರು ಬದಲಾಗಿತ್ತು. ಮೊದಲು ಎಲೆಯ ಹಸಿರು ಇಳಿದು ಕಾಫಿ ಬಣ್ಣವಾಯಿತು, ಆಮೇಲೆ ಕಪ್ಪಾಗಿ ಗುಳ್ಳೆ ಎದ್ದಿತು, ಮೇಲೆ ಎಣ್ಣೆ ಚೆಲ್ಲಿದಂಥ ಪೊರೆ ಕಟ್ಟಿತು. ಎಲೆ ಎತ್ತಿದರೆ ಬರೀ ನರ ಕೈಗೆ ಬರುತ್ತಿತ್ತು. ತುಳಿದ ಕಾಲುಗಳು ಊರಾಚೆಯ ಕೇರಿಯ ಚಿಕ್ಕಮಾದಮ್ಮನವು. ಜವರಯ್ಯ ಬದುವಿನ ಮೇಲೆ ನಿಂತು ಮೂಗರಳಿಸಿ, "ಬೋ ಚೆಂದಾಗ್ ಕೊಳ್ತದೆ ಕಣಮ್ಮೀ, ನಿನ್ ಕಾಲ್ಗುಣ!" ಎಂದಿದ್ದ. ಯುದ್ಧದ ಕಾಲ, ಅಂಗಡಿಯಲ್ಲಿ ಅಕ್ಕಿ ಸಿಗದೆ ಗದ್ದೆಯವರ ಗತ್ತು ಏರಿತ್ತು.

ಅಷ್ಟರಲ್ಲೇ ಊರ ಕಟ್ಟೆಯ ನೀರೂ ಕಪ್ಪಾಯಿತು. ಅದೇ ಗುಳ್ಳೆ, ಅದೇ ಪೊರೆ, ಅದೇ ನಾತ. ಇದಕ್ಕೆ ಮಾತ್ರ ಯಾರೂ ಕೊಳೆತಿದೆ ಎನ್ನಲಿಲ್ಲ, ಕೆಟ್ಟಿದೆ ಎಂದರು. ಬೇರೆ ನೀರಿಲ್ಲದೆ ಅದನ್ನೇ ಸೋಸಿ ಕುಡಿಯುತ್ತ, ಕೆಡಿಸಿದವರನ್ನು ಹುಡುಕಿದರು. ಕೇರಿಯವರು ಆ ಕಟ್ಟೆಗೆ ಕೈ ಅದ್ದುವಂತಿರಲಿಲ್ಲ. ಊರವರು ಹುಯ್ದರೆ ಮಡಕೆ ಒಡ್ಡಬೇಕು. ಕೇರಿಯವರು ಯಾರೋ ಮುಟ್ಟಿದ್ದಾರೆ, ಮುಟ್ಟಿದವರು ಒಪ್ಪುವ ತನಕ ಕೇರಿಗೆ ನೀರು ಹುಯ್ಯುವುದಿಲ್ಲವೆಂದು ತೀರ್ಮಾನವಾಯಿತು.

ಸುದ್ದಿ ಚಿಕ್ಕಮಾದಮ್ಮನ ಕಿವಿಗೂ ಬಿತ್ತು. ಒಂದು ಮಟಮಟ ಮಧ್ಯಾಹ್ನ, ಹುಯ್ಯುವವರಿಲ್ಲದಾಗ, ಅವಳು ಬೊಗಸೆ ಅದ್ದಿ ಕುಡಿದಿದ್ದಳು. ಜವರಯ್ಯನ ಸೊಪ್ಪಿನ ಹೊರೆಗಳು ಬಾಡದಿರಲೆಂದು ಅಲ್ಲೇ ಕಟ್ಟೆಯ ಅಂಚಿನ ನೀರಿನಲ್ಲಿ ನೆನೆಯುತ್ತ ಬಿದ್ದಿದ್ದನ್ನೂ ನೋಡಿದ್ದಳು. ನೀರು ಕೆಡಿಸಿದ್ದು ಸೊಪ್ಪೋ, ತನ್ನ ಕೈಯೋ? ಕಾಲು ತಾಗಿದರೆ ಗೊಬ್ಬರ, ಕೈ ತಾಗಿದರೆ ಮೈಲಿಗೆ. ಎರಡೂ ಒಂದೇ ಮೈಯವಲ್ಲವೆ?

"ನಾನೇ ಮುಟ್ಬುಟ್ಟೆ ಕಣತ್ತೆ" ಎಂದಳು ಅತ್ತೆ ಹೊಂಬಾಳಮ್ಮನಿಗೆ.

"ಥೂ ಮುಂಡೇದೆ! ನಿನ್ ಕೈಯೇನ್ ಒಂಗೆ ಸೊಪ್ಪಾ, ರಸ ಬುಡಾಕೆ?"

"ಅಂಗಾರೆ ಅವ್ರ್ಯಾಕೆ ಅಂಗಂತಾರೆ?"

ಹೊಂಬಾಳಮ್ಮ ಬರಿ ಮಡಕೆಯನ್ನು ಕವುಚಿಟ್ಟಳು.

ಬೆಳಗ್ಗೆ ಜವರಯ್ಯ ಕೇರಿಯ ಬಾಯಿಗೆ ಬಂದ. "ಏಳ್ರಮ್ಮೀ ನಾಟಿಗೆ. ಪೈರು ಕಿತ್ತಾಗದೆ, ಒಣಗೋಯ್ತದೆ."

"ಕಟ್ಟೆ ಮುಟ್ಟಿದ್ದು ನಾನೇ ಕಣಪ್ಪ" ಎಂದಳು ಚಿಕ್ಕಮಾದಮ್ಮ. "ಗದ್ದೆ ತುಳ್ದಿದ್ದೂ ನಾನೇ. ಅದ್ಯಾಕೆ ಕೆಡ್ನಿಲ್ಲ?"

"ಅದು... ಅದು ಬ್ಯಾರೆ."

"ಎಂಗ್ ಬ್ಯಾರೆ?"

"ಒತ್ತಾಯ್ತದೆ, ಏಳ್ರಮ್ಮೀ" ಎಂದು ಜವರಯ್ಯ ಗದ್ದೆಯ ಕಡೆಗೆ ತಿರುಗಿದ. ಚಿಕ್ಕಮಾದಮ್ಮ ಜಗುಲಿಯಿಂದ ಏಳಲಿಲ್ಲ. ನಾಟಿಗೆಂದು ನೆರಿಗೆ ಎತ್ತಿ ಕಟ್ಟಿದ್ದ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಅದನ್ನು ಇಳಿಬಿಟ್ಟು ಅವಳ ಪಕ್ಕ ಕೂತರು.

ಬಿಸಿಲೇರಿತು. ಬಾಡುವ ಪೈರು ನೋಡಲಾಗದೆ ಜವರಯ್ಯ ತಾನೇ ಕಟ್ಟೆಯಿಂದ ಕೊಡ ತುಂಬಿಕೊಂಡು ಬಂದ. "ಒಡ್ಡಮ್ಮೀ ಮಡ್ಕೆಯ, ಉಯ್ತೀನಿ."

ಚಿಕ್ಕಮಾದಮ್ಮ ಮಡಕೆಯನ್ನು ಸೊಂಟಕ್ಕೇರಿಸಿದಳು.

"ಉಯ್ಯೋದ್ ಬ್ಯಾಡ ಬುಡಪ್ಪ. ನಾವೇ ಮೊಗ್ಕತೀವಿ" ಎಂದು ಕಟ್ಟೆಯ ಕಡೆಗೆ ನಡೆದಳು.